ಎಂಟು ಎಲೆಯ ಯಜಮಾನರು

ಅವರು ಕೂತ ಕಡೆಯೇ ಬುಲ್ಡೋಜರ್ ಓಡಿಸುತ್ತಿದ್ದರು. ಮಾತಿಗೆ ಸ್ವಲ್ಪ ಕಾವು ಬಂದರೆ ಸಾಕು, ಎರಡೂ ಕೈ ತಾವಾಗಿ ಮುಂದೆ ಹೋಗಿ ಕಣ್ಣಿಗೆ ಕಾಣದ ಎರಡು ಲಿವರ್ ಹಿಡಿಯುತ್ತಿದ್ದವು. ಬಲಗೈ ಎಳೆದರೆ ಕತೆ ಬಲಕ್ಕೆ ತಿರುಗಿತು ಅಂತ ಅರ್ಥ. ಒಂದು ಮದುವೆ ಊಟದಲ್ಲಿ ಹೀಗೇ ಎಳೆದು ಪಕ್ಕದವರ ಪಾಯಸ ಮಗುಚಿ, "ಬೇಜಾರ್ ಮಾಡ್ಕಬ್ಯಾಡಿ, ಬ್ಲೇಡ್ ಒಸಿ ಕೆಳಗಿತ್ತು" ಅಂದಿದ್ದರು. ಆ ಪಾಯಸ ನನ್ನದು.

ಹಾಸನದ ನಮ್ಮ ಬಡಾವಣೆಯಲ್ಲಿ ಅವರದು ಪಕ್ಕದ ಮನೆ. ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಹತ್ತಿರ, ದುಡಿದದ್ದು ದೇಶದ ಈಶಾನ್ಯ ಗಡಿಯ ಬೆಟ್ಟಗಳಲ್ಲಿ, ರಸ್ತೆ ಕಡಿಯುವ ಕೆಲಸದಲ್ಲಿ. ನಿವೃತ್ತರಾದ ಮೇಲೆ ಇಲ್ಲಿ ಮನೆ ಕಟ್ಟಿಕೊಂಡು ಬಂದರು. ನಾನು ಹೊಳೆನರಸೀಪುರದ ವೈದಿಕರ ಮನೆಯ ಮಗಳು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ, ಬೇಕಾದರೆ ನನ್ನ ಹಳೇ ವಿದ್ಯಾರ್ಥಿಗಳನ್ನು ಕೇಳಿ. ಈಗ ಇವರನ್ನು ಹೊಗಳಲೆಂದೇ ಪೆನ್ನು ಹಿಡಿದಿದ್ದೇನೆ. ಹೆಸರು ಮಾತ್ರ ಬರೆಯಕೂಡದು ಎಂದು ಅವರ ಹೆಂಡತಿಯ ಕಟ್ಟಪ್ಪಣೆ. "ಎಸ್ರು ಬರುದ್ರೆ ನಮ್ ನೆಂಟ್ರೆಲ್ಲ ನಮ್ದೂ ಬರೀರಿ ಅಂತ ನಿಮ್ ಮನೆ ಬಾಗ್ಲಿಗ್ ಬತ್ತಾರೆ ಕಣಮ್ಮ" ಎಂದರು. ಆಕೆ ಅರಕಲಗೂಡಿನ ಕಡೆಯವರು, ಅವರ ಮಾತಿಗೆ ಎದುರಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ಇಲ್ಲಿ ಅವರು ಬರೀ ಯಜಮಾನರು.

ಅವರ ಪರಿಚಯ ನಿಜವಾಗಿ ಆದದ್ದು ಒಂದು ಮಹಾಲಯ ಅಮಾವಾಸ್ಯೆಯಂದು. ಅವರ ಮನೆಯಲ್ಲಿ ಅದು ಹಿರಿಯರ ಹಬ್ಬ. ಸತ್ತವರಿಗೆ ಸಾಲಾಗಿ ಬಾಳೆ ಎಲೆ ಹಾಕಿ, ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನೇ ಬಡಿಸಿ ಎಡೆ ಇಡುತ್ತಾರೆ. ಅವತ್ತು ನಮ್ಮ ಪಾಲಿಗೆ ಬೇರೆ ಪಾತ್ರೆಯಲ್ಲಿ ಮಾಡಿದ ಸಿಹಿಗುಂಬಳದ ಪಲ್ಯ ಕಾಂಪೌಂಡಿನ ಮೇಲಿಂದ ಬಂತು. ಪಾತ್ರೆ ಹಿಂತಿರುಗಿಸಲು ಹೋದವಳಿಗೆ ಎಡೆ ಕಂಡಿತು. ಅಪ್ಪನಿಗೆ, ಅವ್ವನಿಗೆ, ಅಜ್ಜನಿಗೆ ಒಂದೊಂದು ಎಲೆ ಗೋಡೆಯ ಮುಂದೆ ಇದ್ದವು. ಬಾಗಿಲ ಹತ್ತಿರ ಇನ್ನೊಂದು ಎಲೆ ಒಂಟಿಯಾಗಿತ್ತು. ಅದರ ಮೇಲೆ ಮುದ್ದೆ, ಬಾಡಿನ ಸಾರು, ಅದೇ ಕುಂಬಳದ ಪಲ್ಯ, ಪಕ್ಕದಲ್ಲಿ ಒಂದು ಕ್ವಾರ್ಟರ್ ಬ್ರಾಂದಿ, ಸಿಗರೇಟು, ಜೊತೆಗೆ ಬೇಕರಿಯ ಬನ್ನು.

"ಇದು ಯಾರಿಗೆ?" ಎಂದು ಕೇಳಿದೆ.

"ಅಮೇರಿಕದೋರ್ಗೆ."

"ಯಾವ ಅಮೆರಿಕದವರು?"

"ಗೊತ್ತಿಲ್ಲ ಮೇಡಮ್ಮೋರೆ. ಗೊತ್ತಿದ್ರೆ ಎಸ್ರಿಡ್ದು ಕೂಗ್ತಿರ್ನಿಲ್ವಾ?"

ಬನ್ನಿನ ಬಗ್ಗೆಯೂ ಕೇಳಿದೆ. "ಅವ್ರು ಬ್ರೆಡ್ ತಿನ್ನೋ ಜನ. ಮುದ್ದೆ ನಮ್ ಮರ್ವಾದಿಗೆ, ಬನ್ನು ಅವ್ರ್ ಒಟ್ಟೆಗೆ" ಎಂದರು. ಆಮೇಲೆ ಜಗಲಿಯ ಮೇಲೆ ಕೂತು, ಎರಡೂ ಕೈಯಲ್ಲಿ ಲಿವರ್ ಹಿಡಿದು, ಪೂರ್ತಿ ಕತೆ ಹೇಳಿದರು.

ಅವರಿಗೆ ಆಗ ಮೂವತ್ತರ ಆಸುಪಾಸು. ಮಳೆ ಹಿಡಿಯುವುದರೊಳಗೆ ರಸ್ತೆ ಮುಗಿಸಬೇಕೆಂದು ಬೆಟ್ಟದ ಪಕ್ಕೆಯನ್ನು ಕಡಿಯುತ್ತಿದ್ದಾಗ ಡೋಜರಿನ ಬ್ಲೇಡಿಗೆ ಲೋಹ ತಾಗಿತು. ಮಣ್ಣು ಸರಿಸಿದರೆ ತಗಡು, ತಗಡಿನ ಹಿಂದೆ ಎದೆಮಟ್ಟದ ಚಕ್ರ, ಅದರಾಚೆ ಬಿದಿರಿನ ಮೆಳೆಯೊಳಗೆ ಮುರಿದ ರೆಕ್ಕೆ. ಎರಡನೇ ಮಹಾಯುದ್ಧದಲ್ಲಿ ಬಿದ್ದ ಅಮೆರಿಕದ ವಿಮಾನ ಎಂದು ಆ ಬೆಟ್ಟದ ಹಳ್ಳಿಯವರೇ ಹೇಳಿದರು. ಅವರ ಅಜ್ಜಂದಿರು ಅದರ ತಗಡಿನಲ್ಲಿ ಪಾತ್ರೆ ಮಾಡಿಕೊಂಡಿದ್ದರಂತೆ. ಮೇಲಧಿಕಾರಿ ಬಂದು ನೋಡಿ, ಹಳೇ ಗುಜರಿ, ಕಣಿವೆಗೆ ತಳ್ಳು ಎಂದರು. ಅಷ್ಟರಲ್ಲಿ ಇವರಿಗೆ ತಗಡಿನ ಕೆಳಗೆ ಒಂದು ಬೂಟು ಕಂಡಿತ್ತು. ಬೂಟಿನೊಳಗೆ ಕಾಲಿನ ಮೂಳೆ ಇತ್ತು.

"ಇಂಜಿನ್ ಆಫ್ ಮಾಡ್ದೆ. ಕೀ ತಗುದು ಜೇಬ್ಗಾಕ್ಕಂಡೆ. ಬ್ಲೇಡ್ ಮುಂದ್ಕೆ ಬಂದು ಕುಂತ್ಕಂಡೆ."

ಅಧಿಕಾರಿ ಬೈದರು. ನೌಕರಿ ಹೋದೀತು ಎಂದು ಹೆದರಿಸಿದರು. ಸತ್ತವನೇನು ನಿನ್ನ ಚಿಕ್ಕಪ್ಪನೋ ದೊಡ್ಡಪ್ಪನೋ ಎಂದು ಕೇಳಿದರು. ಇವರ ಹಿಂದಿ ಅಷ್ಟಕ್ಕಷ್ಟೆ. "ನನ್ಗ್ ಬಂದಿದ್ದು ಒಂದೇ ಮಾತು. ಸಾಬ್, ಅಂದರ್ ಆದ್ಮೀ ಹೈ. ಒಳಗಡೆ ಮನ್ಸ ಅವ್ನೆ ಅಂತ. ಅವ್ರ್ ಏನಂದ್ರೂ ಅದ್ನೇ ಯೋಳ್ದೆ. ಬೇರೆ ಯೋಳಾಕೆ ಇಂದೀನೂ ಇರ್ನಿಲ್ಲ." ಆ ಅಧಿಕಾರಿಯೂ ಕೊನೆಗೆ ಒಳ್ಳೆಯವರೇ ಆದರು. ಮುಖ ಗಂಟಿಕ್ಕಿಕೊಂಡೇ ರಸ್ತೆಯನ್ನು ಬೆಟ್ಟದ ಒಳಮಗ್ಗುಲಿಗೆ ಬಗ್ಗಿಸಲು ಒಪ್ಪಿದರು. ಇವರು ಮೂಳೆ ಕಂಡ ಜಾಗದ ಮೇಲೆ ಕಲ್ಲು ಪೇರಿಸಿದರು. ಆ ಸಲದ ಬಡ್ತಿ ಇವರಿಗೆ ಸಿಗಲಿಲ್ಲ. ಅದರ ಬೇಸರ ಮಾತ್ರ ಒಂದು ದಿನವೂ ಅವರ ಬಾಯಲ್ಲಿ ಬರಲಿಲ್ಲ.

"ಆ ರೋಡ್ನಾಗೆ ಈಗ್ಲೂ ಒಂದ್ ತಿರುವೈತೆ ಮೇಡಮ್ಮೋರೆ. ಅಲ್ಲಿ ಬೆಟ್ಟ ತಿರುಗಾಕಿಲ್ಲ, ನದಿ ತಿರುಗಾಕಿಲ್ಲ, ರೋಡ್ ಮಾತ್ರ ತಿರುಗ್ತದೆ. ಅದು ನಂದು."

ಮನೆಗೆ ಬರುವ ನೆಂಟರನ್ನು ನಾನು ದೊಡ್ಡಗದ್ದವಳ್ಳಿಯ ಗುಡಿಗೆ ಕರೆದುಕೊಂಡು ಹೋಗಿ ತೋರಿಸುವುದುಂಟು. ಅವತ್ತಿನಿಂದ, ವಾಪಸು ಬಂದ ಮೇಲೆ ಪಕ್ಕದ ಮನೆಯನ್ನೂ ತೋರಿಸತೊಡಗಿದೆ. ಕಲ್ಲು ಕೆತ್ತಿದವರ ಜಿಲ್ಲೆ ನಮ್ಮದು ಎಂದು ಜಂಬ ಪಡುವವರಿಗೆ, ರಸ್ತೆ ಬಗ್ಗಿಸಿದವರೂ ಇದ್ದಾರೆ ಎಂದು ಹೇಳಬೇಕೆನಿಸುತ್ತಿತ್ತು.

ಎಡೆ ಶುರು ಮಾಡಿಸಿದ್ದು ಅವರ ಅವ್ವ. ಅದೇ ವರ್ಷ ರಜೆಗೆ ಬಂದವರು ನಡೆದದ್ದನ್ನು ಹೇಳಿದಾಗ ಆ ತಾಯಿ, "ಕಲ್ ಮಡಗ್ ಬಂದೆ ಸರಿ ಕಣ್ಲಾ, ಅನ್ನ ಮಡಗಿದ್ಯಾ?" ಎಂದರಂತೆ. ಅಷ್ಟೇ. ಆ ಸಲದ ಹಬ್ಬದ ಸಾಲಿನಲ್ಲಿ ಒಂದು ಎಲೆ ಹೆಚ್ಚಾಯಿತು. ನಮ್ಮ ಅಪ್ಪ ರಾಮನಾಥಪುರಕ್ಕೆ ಹೋಗಿ ಕಾವೇರಿಯಲ್ಲಿ ತರ್ಪಣ ಬಿಡುತ್ತಿದ್ದರು. ಎಲ್ಲ ಮುಗಿದ ಮೇಲೆ, ದಿಕ್ಕಿಲ್ಲದೆ ಸತ್ತವರಿಗೆ ಎಂದು ಒದ್ದೆ ವಸ್ತ್ರ ಹಿಂಡಿ ನಾಲ್ಕು ಹನಿ ನೀರು ಬಿಡುವುದು ನಮ್ಮ ಕ್ರಮ. ಮಂತ್ರವೇನೋ ದೊಡ್ಡದೇ. ಆದರೆ ನಮ್ಮ ಮನೆಯಲ್ಲಿ ದಿಕ್ಕಿಲ್ಲದವರಿಗೆ ಬಟ್ಟೆ ಹಿಂಡಿದ ನೀರು, ಇವರ ಮನೆಯಲ್ಲಿ ಪೂರ್ತಿ ಊಟ. ಇದನ್ನು ನಮ್ಮಣ್ಣನಿಗೆ ಹೇಳಿ ಒಂದು ತಿಂಗಳು ಮಾತು ಬಿಡಿಸಿಕೊಂಡೆ.

ಯುದ್ಧದಲ್ಲಿ ಕಾಣೆಯಾದ ತಮ್ಮ ಸೈನಿಕರನ್ನು ಇಂದಿಗೂ ಹುಡುಕುವ ಒಂದು ಕಚೇರಿ ಅಮೆರಿಕದ ಸರ್ಕಾರದಲ್ಲಿದೆ ಎಂದು ಓದಿದ್ದೆ. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ ರಸ್ತೆ, ಹಳ್ಳಿ, ತಿರುವು ಎಲ್ಲವನ್ನೂ ಬರೆದು ಇಮೇಲ್ ಮಾಡಿದೆ. ಬಹಳ ದಿನಕ್ಕೆ ಉತ್ತರ ಬಂತು. ಅದು ನಾಲ್ಕು ಇಂಜಿನ್ನಿನ ಭಾರಿ ಬಾಂಬರ್ ಇರಬಹುದು, ಅಸ್ಸಾಮಿನ ಕಡೆಯಿಂದ ಹಿಮಾಲಯ ದಾಟಿ ಚೀನಾದಲ್ಲಿದ್ದ ತಮ್ಮ ಪಡೆಗೆ ಪೆಟ್ರೋಲ್ ಒಯ್ಯುತ್ತಿದ್ದ ವಿಮಾನ, ಮೋಡದೊಳಗೆ ಹೊಕ್ಕಿದ್ದು ಆಚೆ ಬರಲಿಲ್ಲ, ಒಳಗೆ ಎಂಟು ಜನ ಇದ್ದರು ಎಂದಿತ್ತು. ನಾನು ಖುಷಿಯಿಂದ ಓದಿ ಹೇಳಿದೆ. ಯಜಮಾನರ ಕೈ ಲಿವರ್ ಬಿಟ್ಟು ತೊಡೆಯ ಮೇಲೆ ಬಿತ್ತು.

"ಎಂಟ್ ಜನ್ವಾ?"

"ಹೌದು."

"ಒಂದೆಲೆ ಮಡಗ್ತಿದ್ನಲ್ಲ ಮೇಡಮ್ಮೋರೆ. ಇಷ್ಟೊರ್ಸ ಎಂಟ್ ಜನ ಒಂದೇ ಎಲೆನಾಗೆ ಉಂಡವ್ರಾ?"

ನನಗೆ ನಗು ಬರುವುದರಲ್ಲಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಮುಂದಿನ ಮಹಾಲಯಕ್ಕೆ ಎಂಟು ಎಲೆ ಬಿದ್ದವು, ಎಂಟು ಬನ್ನು ಬಂದವು. ಹಿರಿಯರ ಎಲೆ ಮೂರು, ಅಮೆರಿಕದವರದು ಎಂಟು. "ನಮ್ ಅತ್ತೆ ಮಾವ ನಮ್ಮನೇಲೆ ನೆಂಟ್ರಂಗಾದ್ರು" ಎಂದು ಅವರ ಹೆಂಡತಿ ಗೊಣಗಿದರು. ಗೊಣಗುತ್ತಲೇ ಎಂಟು ಎಲೆಗೂ ಸಾರು ಬಿಟ್ಟರು.

ಆ ಕಾಡಿಗೆ ತಂಡ ಹೋಗಲು ಅಪ್ಪಣೆ ಸಿಗುವುದಕ್ಕೆ ವರ್ಷಗಳೇ ಹಿಡಿದವು. ಕಾಯುವ ಆ ಕಾಲದಲ್ಲಿ ನಾನು ಅಂಥ ಬಾಂಬರುಗಳ ಕತೆಗಳನ್ನು ಹುಡುಕಿ ಓದಿ, ಸಂಜೆ ಜಗಲಿಯಲ್ಲಿ ಅವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಇಂಗ್ಲಿಷ್ ಮೇಷ್ಟರಾಗಿದ್ದವಳು, ಕತೆಯನ್ನು ಹೇಗೆ ಎಳೆಯಬೇಕೆಂದು ನನಗೆ ಗೊತ್ತು. ಎರಡು ಇಂಜಿನ್ ಕೆಟ್ಟ ವಿಮಾನವೊಂದು, ಭಾರ ಕಡಿಮೆ ಮಾಡಲು ಬಂದೂಕು, ಪೆಟ್ಟಿಗೆ, ಕೊನೆಗೆ ತಮ್ಮ ಕೋಟುಗಳನ್ನೂ ಸಮುದ್ರಕ್ಕೆ ಎಸೆಯುತ್ತಾ ಬರುತ್ತಿತ್ತು ಎಂದು ನಾನು ಶುರು ಮಾಡಿದರೆ ಇವರು ಕೈ ಅಡ್ಡ ಹಿಡಿಯುವರು. "ಉಳಕಂಡ್ರಾ? ಮೊದ್ಲು ಅದ್ ಯೋಳ್ಬುಡಿ, ಆಮ್ಯಾಕೆ ಕತೆ ಯೋಳಿ." ಉಳಿದರು ಎಂದರೆ ಕಾಲು ಚಾಚಿ, ಬೀಡಿ ಹಚ್ಚಿ, ನೆಮ್ಮದಿಯಿಂದ ಕೇಳುವರು. ಪ್ಯಾರಾಚೂಟಿನಲ್ಲಿ ಕಾಡಿಗೆ ಹಾರಿದ ಹುಡುಗರನ್ನು ಬೆಟ್ಟದ ಜನ ಗಂಜಿ ಕೊಟ್ಟು ಸಾಕಿ, ಕೈಹಿಡಿದು ಟೀ ತೋಟದವರೆಗೂ ನಡೆಸಿದ ಕತೆಯನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿದರು. ತಿಳಿ ಆಕಾಶದಲ್ಲಿ ಹೋಗಿ ಇವತ್ತಿಗೂ ಪತ್ತೆಯಿಲ್ಲದ ಒಂದು ವಿಮಾನದ ಕತೆ ಮಾತ್ರ ಒಂದೇ ಸಲ ಕೇಳಿ, "ಅದ್ ಬ್ಯಾಡ" ಎಂದರು.

ಒಂದು ದಿನ ನನಗೆ ರೇಗಿತು. ಬಾಂಬರುಗಳು ಊರುಗಳ ಮೇಲೆ ಏನೇನು ಸುರಿದವು ಎನ್ನುವುದನ್ನೂ ನಾನು ಓದಿದ್ದೆನಲ್ಲ. "ಇವರೂ ಎಷ್ಟು ಮನೆ ಸುಟ್ಟಿದ್ದರೋ ಏನೋ, ಅಂಥವರಿಗೆ ಬಾಡೂಟವೇ?" ಎಂದು ಕೇಳಿಯೇ ಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಬೀಡಿ ಆರಿಸಿ ನನ್ನ ಕಡೆ ತಿರುಗಿದರು.

"ಸುಟ್ಟಿದ್ರೆ ಸುಟ್ಟಿರ್ಬೋದು ಮೇಡಮ್ಮೋರೆ. ಅದ್ನ ಕೇಳೋರು ಬ್ಯಾರೆ ಅವ್ರೆ. ಎಲೆ ಆಕಿ ಕುಂಡ್ರುಸ್ಬುಟ್ಟು ಪಂಚಾಯ್ತಿ ಮಾಡಾಕಾಯ್ತದಾ?"

ಆ ವಾದವನ್ನು ನಾನು ಮತ್ತೆ ಎತ್ತಲಿಲ್ಲ. ಪೂರ್ತಿ ಒಪ್ಪಿದೆ ಅಂತಲ್ಲ.

ಕೊನೆಗೂ ತಂಡ ಹೋಯಿತು. ಮಣ್ಣು ಜರಿದು ಬೆಟ್ಟದ ಗುರುತೇ ಬದಲಾಗಿತ್ತಂತೆ. ಹಳ್ಳಿಯವರು ಜೊತೆಯಲ್ಲಿದ್ದರೂ ಜಾಗದ ಬಗ್ಗೆ ಆ ಕಡೆ ಈ ಕಡೆ ಮಾತಾಯಿತು. ಕಾರಣವೇ ಇಲ್ಲದೆ ರಸ್ತೆ ಬಾಗುವ ಆ ಒಂದು ತಿರುವು ಸಿಕ್ಕಿದ ಮೇಲೆ ಅನುಮಾನ ಉಳಿಯಲಿಲ್ಲ, ಅದರ ಕೆಳಗೆ ಅಗೆದೆವು ಎಂದು ಅವರು ಬರೆದರು. ಆ ಸಾಲನ್ನು ಅವರಿಗೆ ಎರಡು ಸಲ ಓದಿ ಹೇಳಿದೆ. ಬಾಗೂರಿನ ಒಬ್ಬ ಮನುಷ್ಯ ಹಟ ಹಿಡಿದು ಕೂತದ್ದು ಅಷ್ಟು ವರ್ಷದ ಮೇಲೂ ನೆಲದ ಮೇಲೆ ಓದಿಕೊಳ್ಳುವಂತೆ ಉಳಿದಿತ್ತು. ಯಜಮಾನರು ಮಾತ್ರ, "ಒರ್ಗಡೆ ಅಂಚು ಎತ್ರ ಮಾಡಿ ಸೂಪರ್ ಎಲಿವೇಸನ್ ಕೊಟ್ಟಿದ್ದೆ, ಎಲ್ ಓಗ್ತದೆ ತಿರುವು?" ಎಂದು ನಕ್ಕರು.

ಆಮೇಲೆ ಒಬ್ಬೊಬ್ಬರಾಗಿ ಗುರುತು ಸಿಗತೊಡಗಿದರು. ಹಲ್ಲಿನಿಂದ ಒಬ್ಬ, ಉಂಗುರದಿಂದ ಒಬ್ಬ, ಮೂಳೆಯ ಪರೀಕ್ಷೆಯಿಂದ ಉಳಿದವರು. ಒಬ್ಬ ಅವನ ಊರು ಸೇರಿ ಮಣ್ಣಾದ ಎಂದು ಸುದ್ದಿ ಬಂದ ವರ್ಷ ಇಲ್ಲಿ ಒಂದು ಎಲೆ ಕಡಿಮೆ. ಎಡೆಯ ಮುಂದೆ ಕೈಮುಗಿದು ಯಜಮಾನರು ಈಗ ಹೆಸರು ಹಿಡಿದೇ ಹೇಳುವರು. ಆ ಹೆಸರುಗಳನ್ನು ಅವರ ಬಾಯಲ್ಲಿ ಕೇಳಿದರೆ ಹೆತ್ತವರಿಗೂ ಗುರುತು ಸಿಗುತ್ತಿರಲಿಲ್ಲ. "ನಿಮ್ಮೂರ್ ಸೇರ್ಕಂಡೆ ಕಣಪ್ಪ. ಇನ್ಮ್ಯಾಕೆ ಅಲ್ಲೇ ಉಣ್ಣು."

ಕೊನೆಗೆ ಒಂದು ಎಲೆ ಉಳಿಯಿತು. ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂರುತ್ತಿದ್ದವನದು, ಎಲ್ಲರಿಗಿಂತ ಚಿಕ್ಕವನು. ಅವನ ಮೂಳೆ ಸಿಕ್ಕಿದ್ದೇ ಚೂರು. ರಕ್ತಸಂಬಂಧಿ ಯಾರಾದರೂ ಸಿಕ್ಕದೆ ಪರೀಕ್ಷೆ ಆಗುವಂತಿರಲಿಲ್ಲ. ಅಷ್ಟು ಹೊತ್ತಿಗೆ ಯಜಮಾನರಿಗೆ ಹೃದಯದ ತೊಂದರೆ ಶುರುವಾಗಿತ್ತು. ಬೀಡಿ ಹೋಯಿತು, ಉಪ್ಪು ಹೋಯಿತು, ನಡಿಗೆ ಗೇಟಿನವರೆಗೆ ಬಂದು ನಿಂತಿತು. ಚನ್ನರಾಯಪಟ್ಟಣದಲ್ಲಿ ಬಸ್ ಕಂಡಕ್ಟರ್ ಆಗಿರುವ ಮಗಳು ರಜೆ ಹಾಕಿ ಬಂದು ನೋಡಿಕೊಂಡು ಹೋಗುತ್ತಿದ್ದಳು. ಅವರಿಗೆ ತಮ್ಮ ಚಿಂತೆ ಇರಲಿಲ್ಲ.

"ಇವ್ನೊಬ್ನ ಎಲೆ ಎತ್ತುಸ್ಬುಟ್ಟು ಓಗ್ಬೇಕು ಮೇಡಮ್ಮೋರೆ. ಅಲ್ಲೀಗಂಟ ಒಸಿ ತಡೀರಿ ಅಂತ ಡಾಕ್ಟ್ರುಗೂ ಯೋಳಿವ್ನಿ."

"ನೀವ್ ಓದ್ರೆ ನಾನ್ ಮಡಗಾಕಿಲ್ವಾ? ಬಾಳೆ ಎಲೆಗೇನ್ ಬರವಾ?" ಎಂದು ಹೆಂಡತಿ ಒಳಗಿನಿಂದಲೇ ಗದರಿದರು.

"ಮಡಗ್ತೀಯ. ಮಡಗೋದೇ ಬ್ಯಾಡ್ದಂಗ್ ಆಗ್ಲಿ ಅಂತ ಯೋಳ್ದೆ."

ಅಂತೂ ಆ ಹುಡುಗನ ತಂಗಿ ಸಿಕ್ಕರು. ಅಣ್ಣ ಹೋದಾಗ ಇನ್ನೂ ಪುಟ್ಟವರು, ಈಗ ತೊಂಬತ್ತರ ಹತ್ತಿರ. ಮದುವೆಯಾಗಿ ಹೆಸರು ಬದಲಾಗಿದ್ದರಿಂದ ಹುಡುಕುವುದು ತಡವಾಗಿತ್ತು. ಅಣ್ಣನನ್ನು ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದ ಮೇಲೆ, ಮೊಮ್ಮಗಳ ಸಹಾಯದಿಂದ ವಿಡಿಯೋ ಕಾಲ್ ಮಾಡಿದರು. ಯಜಮಾನರು ಇಸ್ತ್ರಿ ಶರಟು ಹಾಕಿಕೊಂಡು, ತಲೆ ಬಾಚಿಕೊಂಡು ನಮ್ಮ ಮನೆಯಲ್ಲಿ ಕೂತರು. ಮಧ್ಯೆ ನಾನು ದುಭಾಷಿ. ಆಕೆ ಕೇಳಿದ್ದು ಒಂದೇ ಪ್ರಶ್ನೆ. ಅವತ್ತು ಯಂತ್ರ ಯಾಕೆ ನಿಲ್ಲಿಸಿದಿರಿ?

ನನಗೂ ಅದುವರೆಗೆ ಹೇಳದಿದ್ದ ಮಾತನ್ನು ಅವರು ಆಗ ಹೇಳಿದರು. "ಬೂಟಿನ ದಾರ ಕಟ್ಟಿತ್ತು ಅಂತ ಯೋಳಿ. ಗಂಟು ಅಂಗೇ ಇತ್ತು. ಬೆಳಿಗ್ಗೆ ಎದ್ದು ಬಗ್ಗಿ ಕಟ್ಕಂಡವ್ನೆ, ಸಂಜೀಕೆ ಬಿಚ್ಚಾನ ಅಂತ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಳು ಕಂಡರೆ ಯಜಮಾನರಿಗೆ ಆಗದು, ಮಾತು ಬದಲಿಸಿ, ಇಷ್ಟು ವರ್ಷ ಎಡೆ ಇಟ್ಟದ್ದನ್ನು ಹೇಳಿಸಿ, ಬ್ರಾಂದಿ ಸಿಗರೇಟು ಸರಿಹೋಗುತ್ತಿತ್ತಾ ಕೇಳಿ ಎಂದರು. ಆಕೆ ಅಳುವಿನ ನಡುವೆಯೇ ನಕ್ಕುಬಿಟ್ಟರು. ಅವರದು ಚರ್ಚಿನ ಕಟ್ಟುನಿಟ್ಟಿನ ಮನೆಯಂತೆ, ಅಣ್ಣ ಒಂದು ಹನಿ ಮುಟ್ಟಿದವನಲ್ಲ, ಸೈನ್ಯ ಕೊಟ್ಟ ಸಿಗರೇಟನ್ನೂ ಬೇರೆಯವರಿಗೆ ಹಂಚುತ್ತಿದ್ದನಂತೆ.

ಯಜಮಾನರು ಪೆಚ್ಚಾದರು. "ಶಿವ್ನೇ. ಅಷ್ಟೊರ್ಸವೂ ಎಲೆ ಮುಂದೆ ಮೂಗ್ ಮುಚ್ಕಂಡ್ ಕುಂತವ್ನೆ ನೋಡಿ ಪಾಪ. ಇನ್ನೇನ್ ಇಷ್ಟ ಅವ್ನಿಗೆ, ಕೇಳಿ."

ಸಿಹಿಗುಂಬಳ, ಎಂದರು ಆಕೆ. ಅಮ್ಮ ಮಾಡುವ ಸಿಹಿಗುಂಬಳದ ಯಾವ ಅಡುಗೆಯಾದರೂ ಸರಿ, ಪಾತ್ರೆ ಬಳಿದು ತಿನ್ನುತ್ತಿದ್ದ.

ನಾನು ನಗುತ್ತಲೇ ಕನ್ನಡಕ್ಕೆ ತಿರುಗಿಸಿದೆ. ಅವರು ಎದ್ದು ಕಾಂಪೌಂಡಿನ ಹತ್ತಿರ ಹೋಗಿ, ಡಾಕ್ಟರು ಬೇಡವೆಂದಿದ್ದ ದೊಡ್ಡ ದನಿಯಲ್ಲಿ ಹೆಂಡತಿಗೆ ಕೂಗಿ ಹೇಳಿದರು. "ಕುಂಬ್ಳುಕಾಯಿ ತಿಂದವ್ನಂತೆ ಕಣೇ. ನಿನ್ ಪಲ್ಯ ತಿಂದವ್ನಂತೆ."

ಆ ಮಹಾಲಯದಲ್ಲಿ ಗೋಡೆಯ ಮುಂದಿನ ಮೂರೇ ಎಲೆ. ಬಾಗಿಲ ಕಡೆಯ ಜಾಗ ಖಾಲಿ.

ಹೋದ ವರ್ಷ ಶ್ರಾವಣದಲ್ಲಿ ಯಜಮಾನರು ತೀರಿಕೊಂಡರು. ವರ್ಷ ತುಂಬಿದ ಮೇಲೆ, ಮೊನ್ನೆಯ ಮಹಾಲಯಕ್ಕೆ ಮೊದಲ ಸಲ ಅವರ ಹೆಸರಿನಲ್ಲಿ ಎಲೆ ಬಿತ್ತು. ಅದಕ್ಕೆ ಕೆಲವು ದಿನ ಮೊದಲು ಆ ತಂಗಿಯಿಂದ ನನ್ನ ಫೋನಿಗೆ ದನಿಯ ಮೆಸೇಜು ಬಂತು. ಹಬ್ಬ ಯಾವತ್ತು? ನನ್ನ ಅಣ್ಣನಿಗೆ ಅಷ್ಟು ವರ್ಷ ಊಟ ಹಾಕಿದವರಿಗೆ ನಾನೂ ಒಂದು ಹೊತ್ತು ಹಾಕಬೇಕು. ಅವರಿಗೆ ಏನು ಇಷ್ಟ, ಹೇಗೆ ಬಡಿಸಬೇಕು, ಅವರ ಹೆಂಡತಿಯನ್ನು ಕೇಳಿ ಹೇಳಿ.

ನಾನು ಹೋಗಿ ಕೇಳಿದೆ. ಆಕೆ ರಾಗಿ ಹಿಟ್ಟಿನ ಕೈಯಲ್ಲೇ ನಿಂತು ಯೋಚಿಸಿದರು. "ಮುದ್ದೆ ಅಲ್ಲೆಲ್ಲಿ ಬರ್ಬೇಕು. ಆಯಮ್ಮ ಏನ್ ಉಣ್ತದೋ ಅದ್ನೇ ಮಡಗ್ಲಿ, ಇವ್ರು ಕ್ಯಾಂಪ್ನಾಗೆ ಎಲ್ಲಾ ತಿಂದೋರು. ಉಪ್ಪು ಮುಂದಾಗಿರ್ಲಿ ಅನ್ನಿ. ಕಡೇಗೆ ನಾನು ಉಪ್ಪಿಲ್ದೆ ಆಕ್ಬುಟ್ಟೆ." ಕೈಯ ಹಿಟ್ಟು ಕೊಡವಿ, "ಬಡ್ಸುದ್ ಮ್ಯಾಕೆ ಬಾಗ್ಲಾಕ್ಕಂಡು ಈಚೆ ಬಂದ್ಬುಡ್ಬೇಕು. ನೋಡ್ತಾ ಕುಂತಿದ್ರೆ ಅವ್ರು ಉಣ್ಣಾಕಿಲ್ಲ ಅಂತ ಯೋಳಿ" ಎಂದರು. ಎಲ್ಲವನ್ನೂ ಹಾಗೆಯೇ ಬರೆದು ಕಳಿಸಿದೆ.

ಅಮಾವಾಸ್ಯೆಯಂದು ಇಲ್ಲಿ ಎಲ್ಲ ಮುಗಿದು ಸಂಜೆಯಾದಾಗ ಅಲ್ಲಿಂದ ಫೋಟೋ ಬಂತು. ಮೊಮ್ಮಗಳು ತೆಗೆದದ್ದು. ಮರದ ಮನೆ, ಮುಚ್ಚಿದ ಬಾಗಿಲು, ಹೊರಗೆ ಮೆಟ್ಟಿಲ ಹತ್ತಿರ ಉಣ್ಣೆಯ ಕೋಟು ತೊಟ್ಟ ಮುದುಕಿ, ಕೋಲು ಊರಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಾರೆ. ನಾನು ಓಡುತ್ತಾ ಪಕ್ಕದ ಮನೆಗೆ ಹೋಗಿ ತೋರಿಸಿದೆ. ಯಜಮಾನರ ಹೆಂಡತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡರು.

"ಒಂದ್ ಕುರ್ಚಿ ಆಕ್ಕಂಡ್ ಕುಂತ್ಕಳಾಕ್ ಯೋಳಿ ಮೇಡಮ್ಮೋರೆ. ಇವ್ರು ಬಿರ್ನೆ ಉಂಡು ಏಳೋರಲ್ಲ."